ಬುಧವಾರ ನಾಲ್ಕು ಗಂಟೆಯ ಫೋನ್

ಮನೆಯ ಮಗು ತಪ್ಪು ಮಾಡಿ ಸಿಕ್ಕಿಬಿದ್ದರೆ ಹೆತ್ತವರಿಗೆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದೇ ಕಷ್ಟ. ಟೈಲರ್‌ಗೂ ಹಾಗೇ ಆಗಿತ್ತು. ಹದಿನೈದು ವರ್ಷದ ಮಗಳು ಇಬ್ಬರು ಗೆಳತಿಯರ ಜೊತೆ ಸೇರಿ ಅಂಗಡಿಯಲ್ಲಿ ಮೊಬೈಲ್ ಕದ್ದಳೆಂದು ಪೊಲೀಸರು ಹಿಡಿದಿದ್ದರು. ಈಗ ಅವಳು ವೀಕ್ಷಣಾಲಯದಲ್ಲಿದ್ದಾಳೆ. ಅಂದರೆ, ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳುವ ಸರ್ಕಾರಿ ಮನೆಯಲ್ಲಿ.

ನಾಲ್ಕು ವಾರವಾಯಿತು. ಮೊದಲ ದಿನ ಸ್ಟೇಷನ್ನಿಗೆ ಹೋಗಿ ಸಹಿ ಹಾಕಿ ಬಂದ ಟೈಲರ್ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಹೆಂಡತಿಯನ್ನೂ ಕಳಿಸಿರಲಿಲ್ಲ. ಬೆಳಗ್ಗೆ ಮಿಷನ್ ಮುಂದೆ ಕೂತರೆ ಬೆನ್ನು ಬಿದ್ದುಹೋಗುವವರೆಗೂ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದ. ಮಗಳ ಅಳತೆಯ ಬಟ್ಟೆ ಕೈಗೆ ಬಂದರೆ ಅದನ್ನು ರಾಶಿಯ ಅಡಿಗೆ ತಳ್ಳಿ ಬೇರೆಯದನ್ನು ಎತ್ತಿಕೊಳ್ಳುತ್ತಿದ್ದ.

ಒಂದು ಬುಧವಾರ ಪಕ್ಕದ ಮನೆಯ ಅಡುಗೆ ಅಕ್ಕ ದಿಂಬಿನ ಕವರ್ ಹೊಲಿಸಲು ಬಂದಳು. ಇಂಥದ್ದೇ ಇನ್ನೊಂದು ವೀಕ್ಷಣಾಲಯದಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು. ಯಾರೂ ಹೇಳದೆಯೇ ಸ್ಟೂಲ್ ಎಳೆದುಕೊಂಡು ಕೂತಳು. ಅಷ್ಟರಲ್ಲಿ ಫೋನ್ ಬಂತು. ಟೈಲರ್ ನೋಡಿದ, ಕಟ್ ಮಾಡಿದ.

"ಯಾರಪ್ಪಾ ಅದು?"

"ಯಾರೋ ಮೋಸದವರು ಅಕ್ಕಾ. ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ಬ್ಯಾಂಕಿನವರು ಮೀಟಿಂಗ್ ಮಾಡಿ ಹೇಳಿದ್ರಲ್ಲ, ನಾನಂತೂ ಎತ್ತಲ್ಲ. ಅವರು ಪ್ರತಿ ಬುಧವಾರ ಮಾಡ್ತಾರೆ, ನಾನು ಪ್ರತಿ ಬುಧವಾರ ಕಟ್ ಮಾಡ್ತೀನಿ."

"ಇದೇ ಹೊತ್ತಿಗಾ?"

"ಹೂಂ, ಸರಿಯಾಗಿ ನಾಲ್ಕಕ್ಕೆ."

"ಅಲ್ಲ ಮಾರಾಯ, ಮೋಸಗಾರರು ವಾರ ವಾರ ಹಿಂದೆ ಬೀಳೋಕೆ ನಿನ್ನ ಹತ್ರ ಏನಿದೆ? ಕಿತ್ತೋದ ಜಿಪ್ಪಾ?"

ಒಳಗಿದ್ದ ಹೆಂಡತಿ ನಕ್ಕಳು. ಆದರೆ ಅಕ್ಕ ನಗುತ್ತಿರಲಿಲ್ಲ.

"ಅದು ನಿನ್ನ ಮಗಳು ಕಣೋ. ವಾರಕ್ಕೊಂದು ಸಲ ಮಕ್ಕಳನ್ನ ಆಫೀಸಿಗೆ ಕರೆದು ಮನೆಗೆ ಫೋನ್ ಹಚ್ಚಿ ಕೊಡ್ತಾರೆ. ನಾನಿದ್ದ ಕಡೆ ಶನಿವಾರ ಕೊಡ್ತಿದ್ರು. ಮನೆಯವರು ಎತ್ತಲಿಲ್ಲ ಅಂದ್ರೆ ಸಾಲಲ್ಲಿ ಹಿಂದಿರೋ ಮಗು ಮುಂದೆ ಬರುತ್ತೆ, ಅಷ್ಟೇ."

ಮಿಷನ್ ನಿಂತಿತು.

"ಅವಳಿಗೂ ಬುದ್ಧಿ ಬರ್ಲಿ ಬಿಡಿ" ಎಂದ ಟೈಲರ್. ಮಾತಿನಲ್ಲಿ ಕಸುವಿರಲಿಲ್ಲ. "ನಾವು ಓಡೋಡಿ ಹೋದ್ರೆ ಮಾಡಿದ್ದು ಸರಿ ಅಂದ ಹಾಗಾಗಲ್ವಾ?"

ಅಕ್ಕ ಬೈಯಲಿಲ್ಲ. "ಭೇಟಿ ದಿನ ಬಂದ್ರೆ ಕೆಲವು ಮಕ್ಕಳು ತಾವಾಗೇ ಅಡುಗೆಮನೆಗೆ ಬರೋವು. 'ಪಾತ್ರೆ ತೊಳೀತೀನಿ ಅಜ್ಜಿ' ಅನ್ನೋವು. ಯಾರೂ ನೋಡೋಕೆ ಬರದೇ ಇರೋ ಮಕ್ಕಳು ಅವು. ಪಾತ್ರೆ ಮುಗಿದು ಹೋಗೋದು. ತೊಳೆದಿದ್ದನ್ನೇ ಮತ್ತೆ ಕೊಡ್ತಿದ್ದೆ, ಹೊತ್ತು ಕಳೀಲಿ ಅಂತ. ಅವುಗಳಿಗೂ ಗೊತ್ತಾಗೋದು, ಸುಮ್ನೆ ತೊಳೆಯೋವು. ಅದ್ರಿಂದ ಯಾವ ಮಗೂಗೂ ಬುದ್ಧಿ ಬಂದಿದ್ದು ನಾನು ನೋಡ್ಲಿಲ್ಲಪ್ಪ."

ಹೆಂಡತಿ ಬಾಗಿಲಿಗೆ ಬಂದಿದ್ದಳು. "ನಮ್ಮನ್ನ ಒಳಗೆ ಬಿಡ್ತಾರಾ ಅಕ್ಕಾ? ವಕೀಲರು ಬೇಕಂತೆ. ಗೇಟಲ್ಲಿ ಏನಾದ್ರೂ ಕೊಡ್ಬೇಕಂತೆ."

"ಅಂತೆ ಕಂತೆ ಕೇಳ್ಕೊಂಡು ಕೂತಿದ್ದಕ್ಕೇ ತಿಂಗಳಾಗಿರೋದು. ಅಪ್ಪ ಅಮ್ಮ ಮಗಳನ್ನ ನೋಡೋಕೆ ಯಾವ ವಕೀಲರೂ ಬೇಡ. ಗೇಟಲ್ಲಿ ಯಾರಿಗೂ ಬಿಡಿಗಾಸು ಕೊಡಬೇಡಿ. ಈಗ ಬಂದ ನಂಬರಿಗೆ ವಾಪಸ್ ಮಾಡಿ ಕೇಳಿ. ಭೇಟಿ ಯಾವತ್ತು, ಎಷ್ಟು ಹೊತ್ತಿಗೆ, ಏನು ಕಾಗದ ತರಬೇಕು, ಮಗೂಗೆ ಏನು ತರಬಹುದು ಅಂತ. ಒಂದೊಂದು ಕಡೆ ಒಂದೊಂದು ನಿಯಮ ಇರುತ್ತೆ."

ಟೈಲರ್ ಫೋನ್ ಮಾಡಿದ. ಎತ್ತಿದ ಹೆಂಗಸಿನ ದನಿಯೂ ದಿನವಿಡೀ ದುಡಿದು ದಣಿದಂತಿತ್ತು. ಶನಿವಾರ ಹತ್ತು ಗಂಟೆಗೆ ಬನ್ನಿ, ಇಬ್ಬರದೂ ಗುರುತಿನ ಚೀಟಿ ತನ್ನಿ, ಅವಳು ನಿಮ್ಮ ಮಗಳೆಂದು ತೋರಿಸುವ ಒಂದು ಕಾಗದ ತನ್ನಿ, ಬಟ್ಟೆ ತರಬಹುದು, ತಿಂಡಿ ಬೇಡ ಎಂದಳು. ಇನ್ನೇನು ಫೋನ್ ಇಡಬೇಕು, ಆಗ ಹೇಳಿದಳು: "ಫೋನಿನ ಸಾಲು ಮುಗಿದು ಹೋಯ್ತು, ಸಾರ್. ಆದ್ರೆ ನೀವು ಮಾಡಿದ್ರಿ ಅಂತ ಈಗಲೇ ಹೋಗಿ ಅವಳಿಗೆ ಹೇಳ್ತೀನಿ."

ಹೊರಡುವಾಗ ಅಕ್ಕ ತಿರುಗಿ ನಿಂತು, "ಹೋದ ತಕ್ಷಣ ಯಾಕೆ ಕದ್ದೆ ಅಂತ ಶುರು ಹಚ್ಕೋಬೇಡ. ಮಾತಾಡದಿದ್ರೆ ನೀನೂ ಸುಮ್ನೆ ಇರು" ಎಂದಳು.

ಶನಿವಾರ ಎರಡು ಬಸ್ಸು ಬದಲಿಸಿ ಹೋದರು. ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದರು. ಕಾವಲುಗಾರ ಕಾಗದಗಳನ್ನು ಓದಿ, ತಾನೇ ಮಡಿಸಿ ಟೈಲರನ ಜೇಬಿಗಿಟ್ಟ.

ಮಗಳು ಬಂದಳು. ಇಳಿದು ಹೋಗಿದ್ದಳು. ಕುರ್ಚಿ ಇದ್ದರೂ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಕೊಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ಹಾಗೇ ಕಳೆಯಿತು. ತಾಯಿ ಅಳುತ್ತಿದ್ದಳು.

"ಊಟ ಆಯ್ತಾ?" ಎಂದಷ್ಟೇ ಕೇಳಿದ ಟೈಲರ್.

ತಲೆಯಾಡಿಸಿದಳು. ಆಮೇಲೆ ನೆಲ ನೋಡುತ್ತಾ ಕೇಳಿದಳು: "ಅಪ್ಪಾ, ಇಲ್ಲಿಂದ ಬಿಟ್ಮೇಲೆ ನಾನು ಎಲ್ಲಿಗೆ ಹೋಗ್ಲಿ?"

"ಎಲ್ಲಿಗೆ ಅಂದ್ರೆ?"

"ನೀವು ಫೋನ್ ಎತ್ತಲಿಲ್ಲ. ಮನೆಯವರನ್ನ ಬಿಟ್ಟು ನಿನ್ನ ಕರ್ಕೊಂಡು ಹೋಗೋಕೆ ಬೇರೆ ಯಾರಾದ್ರೂ ಇದಾರಾ ಅಂತ ಆಫೀಸ್ ಮೇಡಂ ಕೇಳಿದ್ರು. ಇಲ್ಲ ಅಂದೆ."

"ಮನೆಗೆ ಕಣೇ. ಇನ್ನೆಲ್ಲಿಗೆ? ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಆಗ ಮಗಳು ಕುರ್ಚಿ ಎಳೆದುಕೊಂಡು ಕೂತಳು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವೋ ಅಕ್ಕತಂಗಿಯರ ಮಗುವೋ ಇಂಥ ಕಡೆ ಇದ್ದರೆ ಈ ವಾರವೇ ವಿಚಾರಿಸಿ. ಆ ವೀಕ್ಷಣಾಲಯದ ನಂಬರನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿ ಪಡೆದು, ನಿಮ್ಮ ಫೋನಿನಲ್ಲಿ ಮಗುವಿನ ಹೆಸರಿನಲ್ಲೇ ಇಟ್ಟುಕೊಳ್ಳಿ. ಊರು ದೂರವಾದರೆ ಪತ್ರ ಬರೆಯಿರಿ, ನಾಲ್ಕು ಸಾಲಾದರೂ ಸಾಕು. ಒಳಗೆ ಬಿಡದಿದ್ದರೆ ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಕೇಳಿ. ನಿಮಗೆ ಸಿಟ್ಟಿದೆ, ನಾಚಿಕೆ ಇದೆ, ದುಡಿದು ಸುಸ್ತೂ ಆಗಿದೆ. ಅದೆಲ್ಲ ಇಟ್ಟುಕೊಂಡೇ ಹೋಗಿ. ಹೇಳಲು ಏನೂ ತೋಚದಿದ್ದರೆ ಪಕ್ಕದಲ್ಲಿ ಕೂತು ಬನ್ನಿ. ತನ್ನವರು ಇದ್ದಾರೆಂದು ಮಗುವಿಗೆ ಗೊತ್ತಾಗಲಿ.