ಕರಿ ಕಾರಿಗೆ ಕೊನೆಯ ಪಾಲಿಶ್

"ಚೊಚ್ಚಲ ಬಾಣಂತನ ನಮ್ಮ ಮನ್ಯಾಗೇ. ಅವ್ವ ಇಲ್ಲಂತ ತವರೂ ಇಲ್ಲ ಅಂದ್ಕೋಬ್ಯಾಡ. ನಾನೇ ಬಂದು ಕರಕೊಂಡು ಹೋಗ್ತೀನಿ."

ಐದು ವರ್ಷದ ಹಿಂದೆ ಮಗಳು ದಾನೇಶ್ವರಿಯನ್ನು ಗಂಡನ ಮನೆಗೆ ಕಳಿಸುವಾಗ ಅಮರಯ್ಯ ಆಡಿದ ಮಾತಿದು.

ತಾರ್ನಾಕದ ಆ ಮನೆಯೂ ಗಚ್ಚಿಬೌಲಿಯಲ್ಲಿ ಇವನು ಬಾಡಿಗೆಗಿದ್ದ ಕೋಣೆಯೂ ಒಂದೇ ಊರಲ್ಲಿದ್ದವು. ಆದರೂ ಮಗಳು ಬಂದರೆ ಉಂಡು, ಸಂಜೆಗೇ ಹೊರಡುತ್ತಿದ್ದಳು. ಬೆಳಗ್ಗೆ ಏಳುವಾಗ ಒಲೆಯ ಹತ್ತಿರ ಅವಳ ಬಳೆ ಸದ್ದು ಕೇಳಬೇಕೆಂಬುದು ಅವನ ಆಸೆ. ಬಾಣಂತನ ಮಾಡಲು ಸೇಡಂನಿಂದ ಅಕ್ಕ ಶಂಕ್ರಮ್ಮ ಬಂದು ಹೊಸ ಕೌದಿ ಹಾಸಿಟ್ಟಿದ್ದಳು. ಬಸುರಿ ಮಗಳಿಗೆ ನಾಳೆ ಎಂಟನೇ ತಿಂಗಳು ಹತ್ತುತ್ತದೆ. ಎಂಟರಲ್ಲಿ ಬಸುರಿಯನ್ನು ತವರಿಗೆ ಕಳಿಸುವುದಿಲ್ಲ. ಒಂಬತ್ತರಲ್ಲಿ ಓಡಾಟವೇ ಬೇಡವೆಂದು ಡಾಕ್ಟರು ಹೇಳಿದ್ದರು. ಕರೆತಂದರೆ ಇವತ್ತೇ, ಅದೂ ದೀಪ ಹಚ್ಚುವ ಮೊದಲು.

ಅಮರಯ್ಯನದು ಕಾರಿನ ಬಣ್ಣದ ಮೇಲಿನ ಗೀರು ತೆಗೆದು ಹೊಳಪು ಕೊಡುವ ಕೆಲಸ. ಐಟಿ ಕಂಪನಿಗಳು ಬಂದ ಮೇಲೆ ಅವನು ಕೆಲಸಕ್ಕಿದ್ದ ಕಾಶಿನಾಥನ ಶೆಡ್ಡಿಗೆ ಬಿಡುವೆಂಬುದೇ ಇರಲಿಲ್ಲ. ಅವತ್ತು ನಿಂತದ್ದು ಕರಿ ಕಾರು. ಅದು ಸಂಜೆ ಒಂದು ಮದುವೆ ನಿಶ್ಚಯಕ್ಕೆ ಹೋಗಬೇಕಿತ್ತು. ಗೀರು ತೆಗೆದಾಗಿತ್ತು. ಉಳಿದದ್ದು ಕೊನೆಯ ಪಾಲಿಶ್.

ಎದುರಿಗೆ ಎರಡು ಬಾಟಲಿ. ಒಂದು ಬೇಗ ಹೊಳಪು ತರುತ್ತದೆ. ಇನ್ನೊಂದು ಬಹಳ ನುಣುಪು. ಆದರೆ ಅದಕ್ಕೆ ಮೆತ್ತನೆಯ ಸ್ಪಂಜು ಹಾಕಿ ಮಷೀನನ್ನು ನಿಧಾನ ಓಡಿಸಬೇಕು. ಅಮರಯ್ಯ ಬೇಗದ್ದನ್ನು ಬಾನೆಟ್ಟಿನ ಮೂಲೆಗೆ ಹಚ್ಚಿ, ಟ್ಯೂಬ್‌ಲೈಟಿನಲ್ಲಿ ಬಗ್ಗಿ ನೋಡಿದ.

"ಕಾಕಾ, ಕರಿ ಬಣ್ಣ ಐತಿ. ಎಣ್ಣಿ ಒರಸಿ, ಬಿಸಿಲಿಗೆ ತಂದು ನೋಡ್ರಿ," ಎಂದ ಕಾಶಿನಾಥ.

"ನೋಡೀನೋ ಮಾರಾಯಾ. ನನ್ನ ಮಾರಿ ಲಕಲಕ ಹೊಳಿಯಾಕತ್ತೈತಿ."

"ನಿಮ್ಮ ಮಾರೀನ? ಹಂಗಾರ ಪಾಲಿಶ್ ಭಾಳ ಚಲೋ ಐತಿ ಬಿಡ್ರಿ!"

ಅಮರಯ್ಯ ಇಡೀ ಕಾರಿಗೆ ಅದನ್ನೇ ಹೊಡೆದ. ಒರೆಸಿ ಬಿಸಿಲಿಗೆ ತಳ್ಳಿದಾಗ ಬಾಗಿಲು, ಬಾನೆಟ್ಟು, ಎಲ್ಲೆಡೆ ಮಷೀನು ತಿರುಗಿದ ಸುತ್ತುಗಳು ಜೇಡರ ಬಲೆಯಂತೆ ಎದ್ದು ಕಂಡವು. ಇಷ್ಟು ಹೊತ್ತು ಅವನ್ನು ಪಾಲಿಶಿನ ಎಣ್ಣೆ ಮುಚ್ಚಿತ್ತು.

ಕಾಶಿನಾಥ ಬೈಯಲಿಲ್ಲ. "ಹಿಂಗ ಕೊಡಾಕ ಬರಂಗಿಲ್ರಿ ಕಾಕಾ. ನಾನೂ ಒಂದು ಮಷೀನ್ ಹಿಡೀತೀನಿ. ಆ ಕಡಿ ನೀವು, ಈ ಕಡಿ ನಾನು."

ನುಣುಪಿನ ಬಾಟಲಿ ತೆರೆದರು. ಎಡಬದಿಯ ಬಾಗಿಲಿಗೆ ಬರುವಷ್ಟರಲ್ಲಿ ಮಗಳ ಫೋನು.

"ಅಪ್ಪಾ, ಹಸರ ಸೀರಿ ಉಟ್ಟು ಕುಂತೀನಿ. ಎಲ್ಲಿದ್ದಿ?"

"ಹೊಂಟೇನವ್ವಾ," ಎಂದ, ಸ್ಪಂಜು ಹಿಂಡುತ್ತ.

ಕಾರು ಕೊಟ್ಟು, ಆಟೊ ಹಿಡಿದು, ಕ್ಯಾಬುಗಳ ನಡುವೆ ಸಿಕ್ಕಿಕೊಂಡು ಅವನು ತಾರ್ನಾಕ ಮುಟ್ಟಿದಾಗ ದೇವರ ಮುಂದೆ ದೀಪ ಉರಿಯುತ್ತಿತ್ತು. ಬೀಗತಿ ಗಂಗಾಬಾಯಿ ಕಾಲಿಗೆ ನೀರು ತಂದುಕೊಟ್ಟರು.

"ಭಾಳ ಹೊತ್ತು ಹಾದಿ ನೋಡಿದ್ವಿರಿ ಬೀಗರ. ಈಗ ದೀಪ ಹಚ್ಚೇನಿ. ಮನಿ ಲಕ್ಷ್ಮೀನ ಹೆಂಗ ಕಳಸ್ಲಿ ಹೇಳ್ರಿ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಮರಯ್ಯ ಜಗಳವನ್ನಾದರೂ ಆಡುತ್ತಿದ್ದ.

ದಾನೇಶ್ವರಿ ಬಾಗಿಲ ಬಳಿಯಿದ್ದ ಚೀಲವನ್ನು ಒಳಗೆ ಒಯ್ದಳು. ಬಂದು ಪಕ್ಕಕ್ಕೆ ಕುಳಿತು ಅವನ ಉಗುರಿಗಂಟಿದ ಬಿಳಿ ಪಾಲಿಶನ್ನು ಕೆರೆದು ತೆಗೆಯುತ್ತ ಕೇಳಿದಳು:

"ಶಂಕ್ರತ್ತಿ ಏನ್ ಮಾಡ್ಯಾಳಪ್ಪಾ?"

"ಹೋಳಿಗಿ."

"ನಾಳಿ ಒಂದು ಡಬ್ಬ್ಯಾಗ ತಗೊಂಡು ಬಾ."

ಅಮರಯ್ಯ ಅಲ್ಲೇ ಉಂಡು, ಒಬ್ಬನೇ ಹಿಂದಿರುಗಿದ. ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅವನು ಕೊಟ್ಟ ಮಾತು ನಡೆಯಲಿಲ್ಲ.