ಮಧ್ಯಾಹ್ನದ ಹಾಲು

ಚಿನ್ನು ಬಾಯಿ ತೆರೆಯಲಿಲ್ಲ. ಎರಡೂವರೆ ವರ್ಷದ ಅವಳ ತಲೆ ಹಲ್ಲಿನ ಡಾಕ್ಟರ್ ಪ್ರಾಚಿಯವರ ತೊಡೆಯ ಮೇಲಿತ್ತು. ಎದುರಿಗೆ ಮೊಣಕಾಲು ತಾಗಿಸಿ ಕೂತ ತಾಯಿ ಭವ್ಯಶ್ರೀ ಮಗಳ ಕೈಗಳನ್ನು ಹಿಡಿದಿದ್ದಳು. ಅಳಲೆಂದು ಮಗು ಬಾಯಿಬಿಟ್ಟಾಗ ಡಾಕ್ಟರು ತುಟಿ ಎತ್ತಿ ನೋಡಿದರು. ಮೇಲಿನ ನಾಲ್ಕೂ ಮುಂಬಲ್ಲುಗಳು ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿ ಸವೆಯುತ್ತಿದ್ದವು.

"ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುತ್ತಾಳಾ?" ಅವರು ಮರಾಠಿಯಲ್ಲಿ ಕೇಳಿದರು.

"ಇಲ್ಲ," ಎಂದಳು ಭವ್ಯಶ್ರೀ.

ಬಾಟಲಿ ಬಿಡಿಸಿ ವರ್ಷವಾಗಿತ್ತು. ಆದರೆ ಹೋದ ವಾರ ಮಾರ್ಕೆಟ್ ಯಾರ್ಡಿನ ಕೆಲಸದಿಂದ ಬೇಗ ಬಂದ ದಿನ ಅತ್ತೆ ಬೋರಮ್ಮನ ದಿಂಬಿನ ಹಿಂದೆ ಅದು ಕಂಡಿತ್ತು, ತಳದಲ್ಲಿ ಕರಗದ ಸಕ್ಕರೆ. ಅವಳು ಕೇಳಿರಲಿಲ್ಲ. ದೀಪಾವಳಿಯ ಹೊತ್ತಿಗೆ ಒಂದು ಮಾತಿಗೆ ಮುನಿಸಿಕೊಂಡು ಬೋರಮ್ಮ ತನ್ನೂರು ಇಂಡಿಗೆ ಹೋಗಿ ಕೂತಾಗ ಮಗುವನ್ನು ನೋಡುವವರಿಲ್ಲದೆ ಇವಳು ಹದಿನೈದು ದಿನ ರಜೆ ಹಾಕಬೇಕಾಗಿತ್ತು. ಇನ್ನೊಮ್ಮೆ ಹೀಗಾದರೆ ಬರಲೇಬೇಡ ಎಂದಿದ್ದರು ಅಂಗಡಿಯವರು. ಬೆಳಿಗ್ಗೆ ಗಂಡ ಸಂಜು, "ನೀ ಬಿಸ್ಕೀಟ ತಿನ್ನಿಸಿ ಹಿಂಗ ಮಾಡೀದಿ," ಎಂದಾಗಲೂ ಅತ್ತೆಯ ಹೆಸರೆತ್ತಿರಲಿಲ್ಲ.

ಡಾಕ್ಟರು ಅವಳ ಮುಖವನ್ನೇ ನೋಡುತ್ತಿದ್ದರು. "ಕಾರಣ ನಿಲ್ಲದೆ ನಾನು ಏನು ಮಾಡಿದರೂ ಉಪಯೋಗವಿಲ್ಲ. ಕೀವಾದರೆ ಕೀಳಬೇಕು. ಇಷ್ಟು ಚಿಕ್ಕವಳಿಗೆ ಪ್ರಜ್ಞೆ ತಪ್ಪಿಸಿಯೇ ಕೀಳಬೇಕಾಗುತ್ತದೆ."

ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದ ಅತ್ತೆಯ ಕಡೆ ಭವ್ಯಶ್ರೀ ನೋಡಲಿಲ್ಲ.

"ಮಧ್ಯಾಹ್ನ..." ಎಂದಳು.

"ತಡಿ." ಮರಾಠಿ ತಿಳಿದರೂ ಆಡಲು ಬಾರದ ಬೋರಮ್ಮ ಎದ್ದು ನಿಂತಳು. "ಅವರಿಗಿ ಹೇಳು, ನಾ ಕೊಡ್ತೀನಿ ಅಂತ. ಸಕ್ಕರಿ ಹಾಕಿ. ನೀ ಹೋದಮ್ಯಾಲ ಅವ್ವಾ ಅವ್ವಾ ಅಂತ ಭಾಳ ಅಳತದ. ಎತ್ಗೊಂಡು ತಿರಗಾಕ ನನ್ನ ಮೊಣಕಾಲ ಕೇಳಂಗಿಲ್ಲ. ಹಾಲಹಲ್ಲು, ಹೆಂಗೂ ಬಿದ್ದು ಹೋಗ್ತಾವ ಅಂದ್ಕೊಂಡಿದ್ನಿ."

ಭವ್ಯಶ್ರೀ ಅದನ್ನು ಮರಾಠಿಯಲ್ಲಿ ಹೇಳತೊಡಗಿದಳು. ಅಳುವ ಮಾತು ಬಂದಲ್ಲಿ ಮಗಳ ಕಡೆ ನೋಡಿದಳು.

ಡಾಕ್ಟರು ಯಾರನ್ನೂ ಬೈಯಲಿಲ್ಲ. ಹುಳುಕು ಬೆಳೆಯದಂತೆ ತಡೆಯುವ ಔಷಧವಿದೆ, ನೋವಿಲ್ಲ, ಆದರೆ ಹಚ್ಚಿದ ಕಡೆ ಕಪ್ಪಗಾಗುತ್ತದೆ, ನಕ್ಕರೆ ಕಾಣುತ್ತದೆ ಎಂದರು.

"ಹೆಣ್ಣುಕೂಸದರೀ..." ಎಂದು ಬೋರಮ್ಮ ಅರ್ಧಕ್ಕೇ ನಿಲ್ಲಿಸಿದಳು.

"ಹಚ್ಚಿ," ಎಂದಳು ಭವ್ಯಶ್ರೀ.

ಸಣ್ಣ ಕುಂಚ ಒಂದೊಂದೇ ಹಲ್ಲಿನ ಮೇಲೆ ಆಡಿತು. ಮಗು ಒದೆಯಿತು, ಬಿಕ್ಕಿತು. ಅದರ ಪಾದಗಳನ್ನು ಬೋರಮ್ಮ ಬಗ್ಗಿ ಹಿಡಿದುಕೊಂಡಳು. ಎರಡು ಹೊತ್ತೂ ಅಕ್ಕಿಕಾಳಿನಷ್ಟು ಪೇಸ್ಟಿನಿಂದ ದೊಡ್ಡವರೇ ಹಲ್ಲುಜ್ಜಬೇಕು, ಮಲಗುವಾಗ ನೀರು ಬಿಟ್ಟು ಏನೂ ಕೊಡಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದರು.

ಮನೆ ತಲುಪಿದ ಮೇಲೆ ಬೋರಮ್ಮ ದಿಂಬಿನ ಹಿಂದಿನ ಬಾಟಲಿ ತಂದು ಸೊಸೆಯ ಕೈಗೆ ಕೊಟ್ಟಳು. "ಹೊರಗ ಒಗಿ. ನನ್ನ ಕಣ್ಣಿಗಿ ಬೀಳಬಾರದು." ಆಮೇಲೆ, "ಸಂಜುಗ ನಾನಽ ಹೇಳ್ತೀನಿ," ಎಂದಳು.

ಭವ್ಯಶ್ರೀ ಅರ್ಧ ದಿನದ ಕೆಲಸಕ್ಕೆ ಹೊರಟಳು. ಒಂದು ಮಹಡಿ ಇಳಿಯುವುದರೊಳಗೆ ಚಿನ್ನುವಿನ ಅಳು ಶುರುವಾಯಿತು. ಅವಳು ಮೆಟ್ಟಿಲಿನ ಕಟಕಟೆ ಹಿಡಿದು ನಿಂತಳು. ಅಳು ಏರಿತು, ಕೆಮ್ಮಾಯಿತು, ಮತ್ತೆ ಏರಿತು. ಕೆಳಗಿನ ಮನೆಯ ಬಾಗಿಲು ತೆರೆದು ಒಬ್ಬ ಮುದುಕಿ ತಲೆ ಹೊರಹಾಕಿ ಮೇಲೆ ನೋಡಿದಳು. ಸ್ವಲ್ಪ ಸಹಿಸಿಕೊಳ್ಳಿ ಎಂಬಂತೆ ಭವ್ಯಶ್ರೀ ಕೈಮುಗಿದಳು.

ಆಗಲಿ ಎಂಬಂತೆ ಮುದುಕಿ ತಲೆಯಾಡಿಸಿದಳು. ಆಮೇಲೆ ಚಿಲಕದ ಸದ್ದಾಗದಂತೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡಳು.