ಮೈ ತೊಳೆಯುವ ಹಾಡು

ಆವತ್ತು ಬೆಳಗ್ಗೆ ಗಾಳಿಯೇ ಇರಲಿಲ್ಲ. ಹಿಂಡದೆ ಹರವಿದ ಬಟ್ಟೆಯ ಹಾಗೆ ಮೋಡ ಮಾಡಿನ ಮೇಲೇ ಜೋತುಬಿದ್ದಿತ್ತು. ಶಾಲೆಯ ಸಭಾಂಗಣದಲ್ಲಿ ಗೋಂದಿನ ವಾಸನೆ, ಪೌಡರಿನ ವಾಸನೆ, ಬೆವರಿನ ವಾಸನೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಡಿನವರ ಮಗಳೊಬ್ಬಳು ತನ್ನ ಜನರ ಮಾತಿನಲ್ಲೇ ಪದ್ಯ ಬರೆದು ಪುಸ್ತಕ ತಂದಳೆಂದು ಟೀಚರಮ್ಮನಿಗೆ ಅಲ್ಲಿ ಶಾಲು ಹೊದಿಸುವವರಿದ್ದರು.

ಬಾಗಿಲಲ್ಲೇ ಅವಳ ಕಾಲು ನಿಂತಿತು. ಅವಳದೇ ತರಗತಿಯ ಮಕ್ಕಳು ಸೊಂಟಕ್ಕೆ ಕಾಗದದ ಎಲೆ ಸುತ್ತಿಕೊಂಡು, ತುಟಿಗೆ ಕೆಂಪು ಮೆತ್ತಿಕೊಂಡು, ಹಾಡುತ್ತ ಕುಣಿಯುತ್ತಿದ್ದರು. ಸ್ವಾಗತಗೀತೆಯಂತೆ. ಹೋದ ತಿಂಗಳು ಅವಳ ದೊಡ್ಡಪ್ಪ ತೀರಿಕೊಂಡಾಗ ಹೆಣದ ಮೈ ತೊಳೆಯುತ್ತ ದೊಡ್ಡಮ್ಮ ಹಾಡಿದ ಹಾಡು ಅದು. ಅದನ್ನು ಪುಸ್ತಕಕ್ಕೆ ಹಾಕಲು ಟೀಚರಮ್ಮನಿಗೇ ಮನಸ್ಸು ಬಂದಿರಲಿಲ್ಲ.

ಆ ದಿನ ಸಾವಿನ ಮನೆಗೆ ದುಃಖ ಕೇಳಲು ಬಂದಿದ್ದ ಶಾಲೆಯ ಸಂಗೀತದ ಮೇಷ್ಟ್ರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದರು. ಟೀಚರಮ್ಮ ಹತ್ತಿರ ಹೋಗಿ ಕೇಳಿದರೆ ನಕ್ಕರು. "ಧಾಟಿ ಎಷ್ಟು ಚೆನ್ನಾಗಿದೆ ಟೀಚರ್! ಅರ್ಥ ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಮ್ಮ ದೊಡ್ಡಮ್ಮನಿಗೆ. ಮುಂದಿನ ಸಾಲಲ್ಲೇ ಕೂತಿದಾಳೆ."

ಅಷ್ಟರಲ್ಲಿ ದೊಡ್ಡಮ್ಮ ಕೋಲೂರಿಕೊಂಡು ವೇದಿಕೆಯ ಬುಡಕ್ಕೆ ಬಂದಾಗಿತ್ತು. ಮಕ್ಕಳು ತಡವರಿಸಿ ನಿಂತರು.

"ಯಾರ ಹೆಣ ತೊಳೀತಿದೀರಿ ಮಕ್ಳಾ?" ಎಂದಳು, ಗಣ್ಯರ ಕಡೆ ಒಮ್ಮೆ ನೋಡಿ. "ಇವರೆಲ್ಲ ಇನ್ನೂ ಚೆನ್ನಾಗೇ ಉಸಿರಾಡ್ತಿದಾರಲ್ಲ."

ಮೇಷ್ಟ್ರ ಮುಖ ಇಳಿದುಹೋಯಿತು. ಶಾಲೂ ಬೇಡ, ಸನ್ಮಾನವೂ ಬೇಡ ಎಂದು ಟೀಚರಮ್ಮ ಹೊರಟಾಗ ದೊಡ್ಡಮ್ಮನೇ ಕೈ ಹಿಡಿದು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಅವರ ಜನರಲ್ಲಿ ಹಾಡೆಂದರೆ ಆಯಾ ಮನೆಯ ಸೊತ್ತು. ಒಯ್ದವರು ತಮ್ಮ ಮನೆಯದೊಂದನ್ನು ತಂದುಕೊಡಬೇಕು. ಅಳುವ ಹಾಡಿಗೆ ಅಳುವ ಹಾಡನ್ನೇ. ದೇವರು ಮೇಲೆ ಕೂತು ನೋಡುವುದು ಆ ಕೊಡುಕೊಳ್ಳುವ ಲೆಕ್ಕವನ್ನೇ ಎಂದು ಅವರ ನಂಬಿಕೆ.

"ಒಯ್ದಿದಾನೆ, ಕೊಟ್ಟಿಲ್ಲ," ಎಂದಳು ದೊಡ್ಡಮ್ಮ. "ಕೊಡೋವರೆಗೆ ನಾನು ಏಳಲ್ಲ."

ಕೊಡಬೇಕಾದದ್ದೇನೆಂದು ಟೀಚರಮ್ಮ ಮೇಷ್ಟ್ರಿಗೆ ಬಿಡಿಸಿ ಹೇಳಿದಳು. ಸಭೆ ತಾನಾಗಿ ಕರಗಿತು. ಟೀಚರಮ್ಮ ಸೆರಗಿನ ತುದಿ ಒದ್ದೆಮಾಡಿಕೊಂಡು ಒಂದೊಂದೇ ಮಗುವಿನ ತುಟಿ ಒರೆಸಿದಳು. ಬಣ್ಣ ಪೂರ್ತಿ ಬಿಡದೆ ಅವಳ ಬೆರಳಿಗೆಲ್ಲ ಹತ್ತಿತು. ಮನಸ್ಸಿನ ಹೇಸಿಗೆಯೂ ಹಾಗೇ, ಒರೆಸಿದಷ್ಟೂ ಹರಡಿತು.

ಕೊನೆಗೆ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು ಬಂದು ದೊಡ್ಡಮ್ಮನ ಕಾಲಬಳಿ ನೆಲಕ್ಕೇ ಕೂತರು. ಎಳೆಗೂಸು ಕಳಕೊಂಡ ವರ್ಷ ತಮ್ಮ ತಾಯಿ ಬರಿದಾದ ತೊಟ್ಟಿಲು ತೂಗುತ್ತ ಗುನುಗುತ್ತಿದ್ದ ಹಾಡನ್ನು, ಯಾರ ಮುಖವನ್ನೂ ನೋಡದೆ, ಮೆಲ್ಲಗೆ, ಕೊನೆಯ ಸಾಲಿನವರೆಗೂ ಹಾಡಿ ಕೊಟ್ಟರು.